ಕೋಗಿಲೆಗೆ ಬಹಿಷ್ಕಾರ ಹಾಕಿದ ರಾಜಮತಿಬಾಯಿ

ಇಚಲಕರಂಜಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ರಾಜಮತಿಬಾಯಿಗೆ ಸೇರದ ಸಂಗತಿಗಳು ಒಂದೆರಡಲ್ಲ. ಬಸಿಗೆ ಚಹಾ ಸುರುವಿಕೊಂಡು ಸೊರ್ರೆಂದು ಹೀರುವ ಹೆಡ್‌ಮಾಸ್ತರರು ಸೇರುತ್ತಿರಲಿಲ್ಲ. ವಿಧವೆಯನ್ನು ಕಂಡ ಕೂಡಲೇ ಮುಖ ಸಣ್ಣದು ಮಾಡಿಕೊಂಡು "ಅಯ್ಯ, ಪಾಪ" ಎನ್ನುವ ಹೆಂಗಸರು ಸೇರುತ್ತಿರಲಿಲ್ಲ. ಆದರೆ ಹೋಳಿಹುಣ್ಣಿವೆ ಹತ್ತಿರ ಬಂತೆಂದರೆ ಇವೆಲ್ಲವನ್ನೂ ಹಿಂದೆ ಹಾಕುವ ಒಂದು ಸಂಗತಿ ಆಕೆಯ ಪಿತ್ತ ಕೆರಳಿಸುತ್ತಿತ್ತು. ಅದು ಕಾಕಾಸಾಹೇಬರ ವಸಂತ ಋತು.

ಕಾಕಾಸಾಹೇಬರು ಶಾಲೆಯ ಕಮಿಟಿಗೆ ಕಾರ್ಯದರ್ಶಿ. ಕೊಲ್ಹಾಪುರದ ಕಚೇರಿಯೊಂದರಲ್ಲಿ ಕಾರಕೂನರಾಗಿ ಸವೆದು, ಪಿಂಚಣಿ ಹಿಡಿದು ಊರಿಗೆ ಬಂದವರು. ಹರೆಯದಲ್ಲಿ ಎಂದೋ 'ಋತುರಾಜ ವಸಂತ' ಎಂಬ ಮರಾಠಿ ಪ್ರಬಂಧವೊಂದನ್ನು ಬರೆದಿದ್ದರು. ಬರೆದು ಸುಮ್ಮನಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದನ್ನು ಅಚ್ಚು ಹಾಕಿಸಿ ವರ್ಷವರ್ಷವೂ ಶಾಲೆಗೆ ಹಂಚುತ್ತಿದ್ದರು. ಮಕ್ಕಳು ಅದನ್ನು ಶಾಲೆಯಲ್ಲಿ ನಕಲು ಮಾಡಬೇಕು, ಮನೆಯಲ್ಲಿ ಬಾಯಿಪಾಠ ಮಾಡಬೇಕು, ಯುಗಾದಿ ಪಾಡ್ಯ ಮುಗಿದ ಮೇಲೆ ನಡೆಯುವ ಸ್ಪರ್ಧೆಯಲ್ಲಿ 'ಸ್ವಂತ ವಿಚಾರದಿಂದ' ಬರೆಯಬೇಕು. ಎಲ್ಲ ಹುಡುಗಿಯರದೂ ಒಂದೇ ಸ್ವಂತ ವಿಚಾರ. ಎಲ್ಲರ ಹಾಳೆಯಲ್ಲೂ ಮಾವು ಚಿಗುರುತ್ತಿತ್ತು, ಕೋಗಿಲೆ ಹಾಡುತ್ತಿತ್ತು, ಮಲಯಮಾರುತ ಮಂದಮಂದವಾಗಿ ಬೀಸುತ್ತಿತ್ತು, ಸೃಷ್ಟಿಸುಂದರಿ ಹಸಿರು ಸೀರೆ ಉಟ್ಟು ಮುಗುಳ್ನಗುತ್ತಿದ್ದಳು. ಅಕ್ಷರ ದುಂಡಗಿದ್ದವಳಿಗೆ, ಇಲ್ಲವೇ ಯಾರ ತಂದೆ ಕಮಿಟಿಗೆ ಬೇಕಾದವನೋ ಅವಳಿಗೆ ಬಹುಮಾನ.

"ಹಸರ ಸೀರಿ ಉಟ್ಟಾಳಂತ," ಎಂದು ರಾಜಮತಿಬಾಯಿ ಶಾಲೆಯ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. "ಎಲ್ಲಿ ಉಟ್ಟಾಳ, ತೋರಸ್ರಿ ನನಗ. ಎರಿಹೊಲ ಎಲ್ಲಾ ಬಾಯಿ ಬಿಟಗೊಂಡ ಬಿದ್ದಾವ. ಗಾಳಿ ಬಿಟ್ರ ಮಗ್ಗದ ಗಂಜಿ ವಾಸನಿ, ಮೂಗಿನಾಗ ಹತ್ತೀಪುಡಿ. ಮಲಯಮಾರುತ ಅಂತ ಮಲಯಮಾರುತ!"

ಆಕೆ ಹುಟ್ಟಿದ್ದು ಗಡಹಿಂಗ್ಲಜದಲ್ಲಿ, ಮೆಣಸಿನಕಾಯಿ ವ್ಯಾಪಾರದ ಜೈನರ ಮನೆಯಲ್ಲಿ. ಮಾಘ ಫಾಲ್ಗುಣದಲ್ಲಿ ಆ ಮನೆಯ ಅಂಗಳ, ಮಾಳಿಗೆ, ದೇವರ ಕೋಣೆಯ ಹೊಸ್ತಿಲವರೆಗೂ ಕೆಂಪು ಮೆಣಸಿನಕಾಯಿ. ಮನೆಗೆ ಮನೆಯೇ ಸೀನುತ್ತಿತ್ತು. ಹದಿನೈದರೊಳಗೆ ಮದುವೆಯೂ ಆಗಿ ವೈಧವ್ಯವೂ ಬಂದ ಮೇಲೆ, ಅಣ್ಣ ಬಾಹುಬಲಿ ಯಾರ ಮಾತನ್ನೂ ಕಿವಿಯ ಮೇಲೆ ಹಾಕಿಕೊಳ್ಳದೆ ತಂಗಿಯನ್ನು ಕೊಲ್ಹಾಪುರಕ್ಕೆ ಓದಲು ಕಳಿಸಿದ. ಅಲ್ಲಿ ಶಿಕ್ಷಕಿಯರ ಪರೀಕ್ಷೆಯಲ್ಲಿ ಬಂದ ಪ್ರಶ್ನೆಯೂ ವಸಂತವೇ. ಹುಡುಗಿ ರಾಜಮತಿ ಎಲ್ಲರಂತೆ ದುಂಬಿ, ತಾವರೆ, ತಂಗಾಳಿ ಹೆಣೆದು ಕೊಟ್ಟಳು. 'ರಮ್ಯ ಕಲ್ಪನೆ' ಎಂಬ ಷರಾ ಬಿದ್ದು ಒಳ್ಳೆಯ ಅಂಕ ಬಂದವು. ತಾವರೆಯನ್ನು ಆಕೆ ಅಲ್ಲಿಯತನಕ ಕಂಡೇ ಇರಲಿಲ್ಲ. ಅಂಕಪಟ್ಟಿ ಕೈಯಲ್ಲಿ ಹಿಡಿದುಕೊಂಡು, ತನ್ನನ್ನು ಪಾಸು ಮಾಡಿದ ಪರೀಕ್ಷಕರ ಬಗ್ಗೆ ಆಕೆಗೆ ಹುಟ್ಟಿದ ತಿರಸ್ಕಾರ ಮುಂದೆಂದೂ ಕಡಿಮೆಯಾಗಲಿಲ್ಲ.

ಸಾವಿರದ ಒಂಬೈನೂರ ನಲವತ್ತಮೂರರ ವಸಂತದಲ್ಲಿ ದೇವರೇ ಆಕೆಯ ಕಡೆ ಬಂದಂತಾಯಿತು. ಯುದ್ಧದ ಕಾಲ, ಕಾಗದ ಸಿಗದು. ಕಾಕಾಸಾಹೇಬರ ಪ್ರಬಂಧ ಆ ವರ್ಷ ಅಚ್ಚಾಗಲಿಲ್ಲ. ಹಳೆಯ ಪ್ರತಿಗಳನ್ನೇ ಒಂದೊಂದು ವರ್ಗಕ್ಕೆ ಒಂದೊಂದು ಕೊಟ್ಟು, "ಬಾಯಿ, ಇದನ್ನ ಓದಿ ಹೇಳಿ ಬರಸ್ರಿ" ಎಂದರು. ರಾಜಮತಿಬಾಯಿ ಕೈಮುಗಿದು ಇಸಿದುಕೊಂಡಳು. ವರ್ಗದ ಮೇಜಿನ ಒಂದು ಕಾಲು ಗಿಡ್ಡವಾಗಿತ್ತು. ಋತುರಾಜನನ್ನು ನಾಲ್ಕು ಮಡಿಕೆ ಮಾಡಿ ಅದರ ಕೆಳಗೆ ತುರುಕಿದಳು.

ಆ ಶಾಲೆಯಲ್ಲಿ ಬರೆಯುವುದು ಮರಾಠಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ. ರಾಜಮತಿಬಾಯಿ ಕನ್ನಡದಲ್ಲೇ ಶುರು ಮಾಡಿದಳು.

"ಮಾವಿನ ಚಿಗುರ ಬ್ಯಾಡ. ಗಾಳಿ ಬ್ಯಾಡ. ಕೋಗಿಲಿ ಅಂತೂ ಬ್ಯಾಡೇ ಬ್ಯಾಡ. ಯಾರರೆ ಕೋಗಿಲಿ ಬರದ್ರ ಪಾಟಿ ಒಡೀತೇನಿ."

"ಮತ್ತೇನ ಬರೀಬೇಕ್ರಿ ಬಾಯಾರ?"

"ಬಿಸಲ ಶುರು ಆದಮ್ಯಾಲೆ ನಿಮ್ಮ ಮನ್ಯಾಗ ಮೊದಲ ಯಾರಿಗೆ ಸಿಟ್ಟ ಬರತೈತಿ, ಅದನ್ನ ಬರೀರಿ. ಹೋದ ಪಾಡ್ಯಕ್ಕ ಬೇವಿನ ಎಲಿ ತಿನ್ನೂದ ಹ್ಯಾಂಗ ತಪ್ಪಿಸಿಕೊಂಡ್ರಿ, ಅದನ್ನ ಬರೀರಿ. ಹೋಳಿ ಹಬ್ಬಕ್ಕ ಯಾರ ಹಿತ್ತಲದಾಗಿನ ಕುಳ್ಳ ಕದ್ರಿ, ಹೆಸರ ಹಾಕಿ ಬರೀರಿ. ಹೊಸಾ ಮಣ್ಣಿನ ಹರವಿ ತಂದಾಗ ಮೊದಲನೇ ನೀರ ಹ್ಯಾಂಗಿರತೈತಿ? ಮನಿಗೆ ಹೋಗಿ ಕುಡದ ನೋಡ್ರಿ, ಆಮ್ಯಾಲೆ ಬರೀರಿ."

ವರ್ಗದಲ್ಲಿ ಗದ್ದಲವೋ ಗದ್ದಲ. ಕುಳ್ಳು ಕದ್ದವರ ಹೆಸರು ಹೇಳುವ ಭರದಲ್ಲಿ ಕುಳ್ಳು ಕಳಕೊಂಡವರ ಮಗಳು ಅದೇ ಸಾಲಿನಲ್ಲಿ ಕುಳಿತಿದ್ದಾಳೆಂಬುದು ಯಾರಿಗೂ ನೆನಪಾಗಲಿಲ್ಲ. ಒಬ್ಬಳು, ಮಧ್ಯಾಹ್ನದ ಬಿಸಿಲಿಗೆ ತನ್ನ ಅಜ್ಜಿ ಸೂರ್ಯನಿಗೇ ಚಪ್ಪಲಿ ತೋರಿಸಿ ಬೈಯುತ್ತಾಳೆಂದು ಬರೆದಳು. ಇನ್ನೊಬ್ಬಳು, ಹೊಸ ಹರವಿಯ ನೀರು ಮಳೆ ಬಂದ ಅಂಗಳ ನೆಕ್ಕಿದ ಹಾಗಿರುತ್ತದೆಂದು ಬರೆದು, ಅಂಗಳ ನೆಕ್ಕಿದ್ದು ಯಾವಾಗ ಎಂದು ಕೇಳಿದ್ದಕ್ಕೆ ನಾಚಿ ಕುಳಿತಳು. ರಾಜಮತಿಬಾಯಿ ಗೆದ್ದವಳಂತೆ ಸಾಲಿನಿಂದ ಸಾಲಿಗೆ ಪಾಟಿ ನೋಡುತ್ತ ನಡೆದಳು.

ಕೊನೆಯ ಸಾಲಿನಲ್ಲಿ ಕಲ್ಲವ್ವ ಕುಳಿತಿದ್ದಳು. ಊರಂಚಿನ ಶಹಾಪುರದ ಕಡೆಯಿಂದ ಬರುವ ಲಿಂಗವಂತರ ಹುಡುಗಿ. ತಂದೆ ಸಿದ್ದರಾಯ ಧನಪಾಲ ಶೇಟರ ಕಾರಖಾನೆಯಲ್ಲಿ ಮಗ್ಗ ನಡೆಸುವವನು. ಹತ್ತು ಸಲ ಕೇಳಿದರೆ ಒಂದು ಸಲ ಮಾತಾಡುವ ಹುಡುಗಿ. ಅವಳ ಪಾಟಿಯ ಮೇಲೆ ಮರಾಠಿಯಲ್ಲಿ ಒಂದೇ ಸಾಲು ಇತ್ತು: 'ವಸಂತದಲ್ಲಿ ಕೋಗಿಲೆ ಕೂಗುತ್ತದೆ.'

"ಕಲ್ಲವ್ವಾ, ಯಾವ ಪುಸ್ತಕದಾಗಿನ ಕೋಗಿಲಿ ಇದು?"

"ಪುಸ್ತಕದಾಗಿಂದಲ್ರಿ. ನಮ್ಮ ಮನಿ ಹಿಂದಿಂದ್ರಿ."

"ಶಹಾಪುರದಾಗಿಂದ?" ರಾಜಮತಿಬಾಯಿ ಪಾಟಿಯನ್ನು ಎತ್ತಿ ಇಡೀ ವರ್ಗಕ್ಕೆ ತೋರಿಸಿದಳು. "ಹಗಲೂ ರಾತ್ರಿ ಖಟಾಖಟ್ ಮಗ್ಗ ಬಡಕೋತಾವ. ಅಲ್ಲಿ ಬಾಜೂಕ ನಿಂತಾಂವ ಒದರಿದ್ರ ಕೇಳೂದಿಲ್ಲ, ಈಕೀಗಿ ಕೋಗಿಲಿ ಕೇಳಿಸ್ತಂತ! ಕಾಕಾಸಾಹೇಬ್ರ ನಿಮ್ಮ ಹಿತ್ತಲಕ್ಕ ಬಂದ ಕೂಗಿ ಹೋದ್ರೇನ?"

ವರ್ಗ ಬಿದ್ದು ಬಿದ್ದು ನಕ್ಕಿತು. ಕಲ್ಲವ್ವನ ಕಣ್ಣಲ್ಲಿ ನೀರು ತುಂಬಿತು, ಆದರೆ ತಲೆ ತಗ್ಗಲಿಲ್ಲ.

"ನಿಮಗ ಕೇಳಿಸದಿದ್ರ ಕೂಗೂದ ಬಿಡತೈತೇನ್ರಿ ಅದು?" ಎಂದಳು.

ನಗು ನಿಂತಿತು. ರಾಜಮತಿಬಾಯಿಗೆ ಹೀಗೆ ಎದುರು ಮಾತಾಡಿದ ಹುಡುಗಿ ಆ ಶಾಲೆಯಲ್ಲಿ ಇರಲಿಲ್ಲ. ಆಕೆಗೆ ಮೈ ಉರಿಯಿತು. "ನಾಳೆ ರಂಗಪಂಚಮಿ ಸೂಟಿ ಐತಿ. ಮುಂಜಾನೆ ನಾನs ಬರ್ತೇನಿ. ಕೋಗಿಲಿ ತೋರಸೀಯಂತ," ಎಂದಳು.

ಮರುದಿನ ಬಣ್ಣ ಎರಚುವ ಹುಡುಗರು ಏಳುವ ಮೊದಲೇ ಬಿಳಿ ಸೀರೆಯ ಸೆರಗು ಬಿಗಿದುಕೊಂಡು, ಛತ್ರಿ ಹಿಡಿದು ಹೊರಟಳು. ಸುಳ್ಳನ್ನು ಅದರ ಮನೆಯಲ್ಲೇ ಹಿಡಿಯುವ ಹುರುಪು ಇತ್ತು. ಶಹಾಪುರದ ಓಣಿ ಹೊಕ್ಕ ಮೇಲೆ ಏನೋ ತಪ್ಪಿದಂತೆನಿಸಿತು. ನಾಲ್ಕು ಹೆಜ್ಜೆ ನಡೆದ ಮೇಲೆ ತಿಳಿಯಿತು: ಸದ್ದು ಇಲ್ಲ. ಎಂದೂ ನಿಲ್ಲದ ಖಟಾಖಟ್ ಇಲ್ಲ. ಧನಪಾಲ ಶೇಟರ ಕಾರಖಾನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಕೆಲಸದಲ್ಲಿರಬೇಕಾದ ಗಂಡಸರು ಮನೆಗಳ ಮುಂದಿನ ಕಟ್ಟೆಯ ಮೇಲೆ ಕುಳಿತು, ಅಂಗೈ ನೋಡಿಕೊಳ್ಳುತ್ತಿದ್ದರು.

ಕಲ್ಲವ್ವನ ತಾಯಿ ಯಮುನವ್ವ ಗಡಬಡಿಸಿ ಚಾಪೆ ಹಾಸಿದಳು. "ಬರ್ರಿ ಬಾಯಾರ, ಕುಂದರ್ರಿ. ಹುಡಿಗಿ ಏನರೆ ತಪ್ಪ ಮಾಡ್ಯಾಳೇನ್ರಿ?" ನೀರು ಕೊಟ್ಟಳು, ಜೊತೆಗೆ ಕೊಡಬೇಕಾದ ಬೆಲ್ಲದ ಡಬ್ಬಿಗೆ ಕೈ ಹಾಕಿ, ಖಾಲಿ ಕೈಯನ್ನೇ ಸೆರಗಿಗೆ ಒರೆಸಿಕೊಂಡಳು.

"ಕಾರಖಾನಿ ಯಾವಾಗಿಂದ ನಿಂತೈತ್ರಿ?" ಎಂದು ರಾಜಮತಿಬಾಯಿ ಸಿದ್ದರಾಯನನ್ನು ಕೇಳಿದಳು.

"ಶಿವರಾತ್ರಿಯಿಂದ್ರಿ. ನೂಲ ಇಲ್ಲ ಅಂತಾರ ಶೇಟ್ರ. ನೂಲ ಐತ್ರಿ, ನಾವs ಹೊತ್ತ ಗುದಾಮಿನಾಗ ಇಟ್ಟೇವಿ. ನೇದ ಮಾರೂದಕಿಂತಾ ಇಟಗೊಂಡ ಕುಂತ್ರ ಹೆಚ್ಚ ಬರತೈತಂತ್ರಿ ಈಗ. ಲಡಾಯಿ ನಡದೈತೆಲ್ಲ."

ಅವನ ಮಾತು ಮುಗಿಯುವುದರೊಳಗೆ ಮನೆಯ ಹಿಂದಿನ ಬಸರಿಮರದಿಂದ ಕೂಗು ಬಂತು. ಕುಹೂ. ಮತ್ತೆ, ಇನ್ನೂ ಏರಿಸಿ, ಕುಹೂ. ನಿಂತಿತೆನ್ನುವಷ್ಟರಲ್ಲಿ ಮತ್ತೆ. ಕಾಕಾಸಾಹೇಬರ ಪ್ರಬಂಧದಲ್ಲಿ ಇರುವಂತೆ ಮಧುರವೇನೂ ಆಗಿರಲಿಲ್ಲ. ಯಾರೋ ಹಟ ಹಿಡಿದು ಬಾಗಿಲು ಬಡಿದಂತಿತ್ತು. ಸಿದ್ದರಾಯ ಎದ್ದವನೇ ಹಿತ್ತಲಿಗೆ ಹೋಗಿ ಕಲ್ಲು ಬೀಸಿದ. ಎಲೆಗಳು ಅಲುಗಿದವು. ಕೂಗು ಪಕ್ಕದ ಟೊಂಗೆಯಿಂದ ಮುಂದುವರಿಯಿತು.

"ಮುಂಜಾನಿಂದ ಸಂಜೀತನಾ ಇದs ಗೋಳ್ರಿ," ಎಂದಳು ಯಮುನವ್ವ. "ಅದು ಕೂಗಿದಾಗೊಮ್ಮಿ ಇವರಿಗೆ ತಲಿ ಕೆಡತೈತಿ. ಮಗ್ಗ ನಡದಾಗ ಇಂಥಾದ್ದೊಂದ ಐತಿ ಅಂತನs ನಮಗ ಗೊತ್ತಿರಲಿಲ್ಲರಿ."

ಕಲ್ಲವ್ವ ಬಾಗಿಲ ಚೌಕಟ್ಟಿಗೆ ಆತು ನಿಂತು ಬಾಯಾರ ಮುಖವನ್ನೇ ನೋಡುತ್ತಿದ್ದಳು. ರಾಜಮತಿಬಾಯಿಗೆ ಆ ಹೊತ್ತು ಕಾಕಾಸಾಹೇಬರ ಮೇಲಿನ ಸಿಟ್ಟು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಅವರು ಕೂಗು ಕೇಳದೆ ಬರೆದಿದ್ದರು. ತಾನು ಕೇಳದೆ ಅಳಿಸಲು ಹೊರಟಿದ್ದಳು.

"ಇದನ್ನೆಲ್ಲಾ ಯಾಕ ಬರೀಲಿಲ್ಲಬೇ?"

"ಕೋಗಿಲಿ ಬರದ್ರ ಪಾಟಿ ಒಡೀತೇನಿ ಅಂದಿದ್ರಲ್ರಿ. ಒಂದ ಸಾಲ ಬರದ ನೋಡಿದ್ನಿ."

ರಾಜಮತಿಬಾಯಿ ಛತ್ರಿ ಎತ್ತಿಕೊಂಡಳು. "ಮುಂದಿಂದೂ ಬರಿ," ಎಂದಷ್ಟೇ ಹೇಳಿ ಹೊರಬಿದ್ದಳು. ತಪ್ಪಾಯಿತು ಎನ್ನುವ ಅಭ್ಯಾಸ ಆಕೆಗೆ ಇರಲಿಲ್ಲ. ಓಣಿ ದಾಟುವಾಗ ಹುಡುಗರು ಬಿಳಿ ಸೀರೆಯ ಮೇಲೆ ಬಣ್ಣ ಎರಚಿ ಓಡಿದರು; ಆಕೆ ಬೈಯಲಿಲ್ಲವೆಂದು ಅವರಿಗೇ ಆಶ್ಚರ್ಯವಾಯಿತು.

ಪಾಡ್ಯ ಕಳೆದ ಮೇಲೆ ಸ್ಪರ್ಧೆ ನಡೆಯಿತು. ಕಲ್ಲವ್ವ ಬರೆದಳು. ಪರೀಕ್ಷಕರು ಕಾಕಾಸಾಹೇಬರೇ. ರಾಜಮತಿಬಾಯಿಯ ವರ್ಗದ ಹಾಳೆಗಳಲ್ಲಿ ಕುಳ್ಳು, ಚಪ್ಪಲಿ, ಬೆವರು ನೋಡಿ ನೋಡಿ ಅವರು ಮೂಗಿಗೆ ಶಲ್ಯ ಹಿಡಿದಿದ್ದರಂತೆ. ಕಲ್ಲವ್ವನ ಹಾಳೆಯ ಮೊದಲ ಸಾಲು ಕಂಡದ್ದೇ ತಡ, ಅವರ ಜೀವ ತಣ್ಣಗಾಯಿತು.

"ಬಾಯಿ, ನಿಮ್ಮ ವರ್ಗದಾಗ ಒಬ್ಬಾಕೀಗರೆ ಸಂಸ್ಕಾರ ಐತಿ ನೋಡ್ರಿ," ಎಂದು ಶಾಲೆಗೆ ಬಂದು ಹೇಳಿದರು. "ಪಹಿಲಾ ನಂಬರ ಆಕೀಗೇ."

"ಪೂರಾ ಓದೀರೇನ್ರಿ ಕಾಕಾಸಾಹೇಬ್ರ?"

"ಪೂರಾ ಯಾಕ ಓದಬೇಕ್ರಿ? ಕಲ್ಪನಾಶಕ್ತಿ ಮೊದಲನೇ ಸಾಲಿನಾಗs ಗೊತ್ತಾಗತೈತಿ. ಸಮಾರಂಭದಾಗ ನಾನs ಸ್ವತಃ ಓದಿ ತೋರಸ್ತೇನಿ."

ಹಾಳೆಯಲ್ಲಿ ಮುಂದೆ ಏನಿದೆಯೆಂದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ರಾಜಮತಿಬಾಯಿ ಹೇಳಲಿಲ್ಲ. "ಓದ್ರಿ. ನಿಮ್ಮ ಬಾಯಿಲೆ ಕೇಳಿದ್ರ ಚಂದ," ಎಂದಳು.

ಸಮಾರಂಭಕ್ಕೆ ಶಾಲೆಯ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಅಧ್ಯಕ್ಷರು ಧನಪಾಲ ಶೇಟರು. ಕೊರಳಲ್ಲಿ ಚೆಂಡು ಹೂವಿನ ಮಾಲೆ, ಮುಖದಲ್ಲಿ ಊಟ ಮುಗಿಸಿ ಬಂದವರ ಶಾಂತಿ. ಹಿಂದುಗಡೆ ನೇಕಾರರ ಓಣಿಯವರು, ಕೆಲಸವಿಲ್ಲದ್ದರಿಂದ, ಎಂದಿಗಿಂತ ಹೆಚ್ಚು ಮಂದಿ ಬಂದಿದ್ದರು. ಕಾಕಾಸಾಹೇಬರು ಕನ್ನಡಕ ಏರಿಸಿ, ಹಾಳೆಯನ್ನು ದೂರ ಹಿಡಿದು ಶುರು ಮಾಡಿದರು.

"ವಸಂತದಲ್ಲಿ ಕೋಗಿಲೆ ಕೂಗುತ್ತದೆ." ಕಣ್ಣು ಮುಚ್ಚಿ ಒಂದು ಗಳಿಗೆ ನಿಂತರು, ಕೋಗಿಲೆಗೆ ತಾವೇ ಶ್ರುತಿ ಕೊಟ್ಟವರಂತೆ. "ಹೋದ ವರ್ಷವೂ ಕೂಗಿರಬೇಕು. ನಮಗೆ ಕೇಳಿಸಲಿಲ್ಲ, ಯಾಕೆಂದರೆ ಆಗ ಮಗ್ಗಗಳು ನಡೆಯುತ್ತಿದ್ದವು."

"ವಾಹ್ವಾ," ಎಂದರು ಶೇಟರು. ಮಗ್ಗದ ಮಾತು ಬಂದದ್ದು ತಮಗೆ ಸಂದ ಗೌರವವೆಂದು ತಿಳಿದರು.

"ಈ ವರ್ಷ ಮಗ್ಗ ನಿಂತಿವೆ. ಕೋಗಿಲೆ ಕೂಗಿದರೆ ಅಪ್ಪ ಕಲ್ಲು ಒಗೆಯುತ್ತಾನೆ. ಅದಕ್ಕೆ ತಾಗುವುದಿಲ್ಲ. ಅವ್ವ ಬೆಲ್ಲದ ಡಬ್ಬಿ ತೊಳೆದು ಬೋರಲು ಹಾಕಿದ್ದಾಳೆ. ನೂಲು ಗುದಾಮಿನಲ್ಲಿದೆ. ಬೆಲೆ ಏರಲಿ ಎಂದು ಶೇಟರು ಅದಕ್ಕೆ ಬೀಗ..."

ಕಾಕಾಸಾಹೇಬರು ಅಲ್ಲಿಗೇ ನಿಲ್ಲಿಸಿದರು. ಕೆಮ್ಮಿದರು. ನೀರು ಕುಡಿದರು. ಮತ್ತೆ ಹಾಳೆ ಎತ್ತಿ, ಅದೇ ದನಿಯಲ್ಲಿ, ಎಳ್ಳಷ್ಟೂ ತಡವರಿಸದೆ ಮುಂದುವರಿಸಿದರು: "ಮಲಯಮಾರುತವು ಮಂದಮಂದವಾಗಿ ಬೀಸುತ್ತಿದೆ. ಸೃಷ್ಟಿಸುಂದರಿಯು ಹಸಿರು ಸೀರೆಯನ್ನುಟ್ಟು..." ಹೀಗೆ ತಮ್ಮ ಋತುರಾಜನನ್ನು ಕೊನೆಯತನಕ ಬಾಯಿಪಾಠ ಒಪ್ಪಿಸಿದರು. ನಡುವೆ ಒಮ್ಮೆ, ನೋಡಿದವರಿಗೆ ಅನುಮಾನ ಬಾರದಿರಲೆಂದು, ಹುಡುಗಿಯ ಹಾಳೆಯನ್ನು ತಿರುವಿಯೂ ಹಾಕಿದರು. ಹಿಂಬದಿ ಬರೀ ಬಿಳಿ. ಮುಗಿದ ಕೂಡಲೇ ಮುಂದಿನ ಕುರ್ಚಿಗಳವರು ರೂಢಿಯಂತೆ ಚಪ್ಪಾಳೆ ತಟ್ಟಿದರು.

ಕಲ್ಲವ್ವ ಎದ್ದು ನಿಂತಳು. "ಅದು ನಂದಲ್ರಿ. ಬೀಗದ ಮುಂದಿಂದ ನೀವ ಬ್ಯಾರೆ ಓದಿದ್ರಿ."

ಹಿಂದುಗಡೆ ಯಾರೋ ಒಬ್ಬ ಫಕ್ಕನೆ ನಕ್ಕ. ಆಮೇಲೆ ಓಣಿಗೆ ಓಣಿಯೇ ನಕ್ಕಿತು. ಶೇಟರು ಮಾಲೆ ತೆಗೆದು ಮೇಜಿನ ಮೇಲಿಟ್ಟು, ಕಾಲಿನ ಜೋಡು ಹುಡುಕಿಕೊಂಡು ಎದ್ದು ಹೋದರು. ಬಹುಮಾನದ ಹಿತ್ತಾಳೆ ತಂಬಿಗೆ ಕಾಕಾಸಾಹೇಬರ ಕೈಯಲ್ಲಿಯೇ ಉಳಿದಿತ್ತು. ಗಾಬರಿಯಲ್ಲಿ ಅದನ್ನು ಹತ್ತಿರ ಕುಳಿತಿದ್ದ ಯಾವುದೋ ಹುಡುಗಿಯ ಮಡಿಲಿಗೆ ತುರುಕಿ ಅವರೂ ಶೇಟರ ಬೆನ್ನು ಹತ್ತಿದರು. ಆ ಹುಡುಗಿ ಸ್ಪರ್ಧೆಗೆ ಹೆಸರೇ ಕೊಟ್ಟಿರಲಿಲ್ಲ.

ಮರುದಿನ ಕಮಿಟಿ ಸೇರಿ ರಾಜಮತಿಬಾಯಿಯನ್ನು ಕರೆಸಿತು.

"ಕ್ಷಮಾ ಬರದ ಕೊಡ್ರಿ ಬಾಯಿ. ಪ್ರಕರಣ ಇಲ್ಲಿಗೆ ಮುಗಸೂಣು," ಎಂದರು ಕಾಕಾಸಾಹೇಬರು.

"ಯಾವ ಪ್ರಬಂಧಕ್ಕ ಕ್ಷಮಾ ಕೇಳ್ಲಿ? ಆಕೀದಕ್ಕೋ, ನಿಮ್ಮದಕ್ಕೋ?"

ಬೇಸಿಗೆಯ ಸೂಟಿ ಮುಗಿದ ಮೇಲೆ ಆಕೆಯ ಜಾಗಕ್ಕೆ ಬೇರೆ ಶಿಕ್ಷಕಿ ಬಂದಳು, ಕಾಕಾಸಾಹೇಬರ ಅಕ್ಕನ ಸೊಸೆ. ರಾಜಮತಿಬಾಯಿ ಟ್ರಂಕು ಹೊರಿಸಿಕೊಂಡು ಗಡಹಿಂಗ್ಲಜಕ್ಕೆ ಮರಳಿದಳು. ಶೇಟರ ಕಾರಖಾನೆಯ ಬೀಗ ಮಳೆಗಾಲದಲ್ಲಿ ತೆರೆಯಿತು. ಎಲ್ಲರನ್ನೂ ಕೆಲಸಕ್ಕೆ ಕರೆದರು, ಸಿದ್ದರಾಯನೊಬ್ಬನನ್ನು ಬಿಟ್ಟು. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೊಲ್ಹಾಪುರಕ್ಕೆ ಹೋಗಿ ಗಿರಣಿ ಸೇರಿದ. ಕಲ್ಲವ್ವನ ಶಾಲೆ ಅಲ್ಲಿಗೆ ನಿಂತಿತು. ಈ ಸುದ್ದಿ ಕೇಳಿದ ದಿನ ರಾಜಮತಿಬಾಯಿ ಉಣ್ಣಲಿಲ್ಲ. ಕಾಕಾಸಾಹೇಬರಿಗೆ ಓದಲು ಬಿಟ್ಟು ತಮಾಷೆ ನೋಡಿದ್ದು ತಾನು, ಬೆಲೆ ತೆತ್ತವನು ಸಿದ್ದರಾಯ ಎಂಬುದನ್ನು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಣ್ಣನ ಪಡಸಾಲೆಯಲ್ಲಿ ಹುಡುಗಿಯರಿಗೆ ಪಾಠ ಶುರು ಮಾಡಿದಳು. ಇಲ್ಲಿ ಕಮಿಟಿ ಇಲ್ಲ, ಕನ್ನಡವೋ ಮರಾಠಿಯೋ ಬೇಕಾದ್ದರಲ್ಲಿ ಬರೆಯಬಹುದು. ಒಂದೆರಡು ವಸಂತ ಚೆನ್ನಾಗಿ ನಡೆಯಿತು. ಮೂರನೆಯ ವರ್ಷ ಹಾಳೆಗಳನ್ನು ನೋಡುತ್ತ ಕುಳಿತವಳಿಗೆ ಮೈಮೇಲೆ ತಣ್ಣೀರು ಬಿದ್ದಂತಾಯಿತು. ಎಲ್ಲರ ಅಜ್ಜಿಯೂ ಸೂರ್ಯನನ್ನು ಬೈಯುತ್ತಿದ್ದಳು. ಎಲ್ಲರ ಮನೆಯಲ್ಲೂ ಬೆವರು ನಾರುತ್ತಿತ್ತು. ಬಾಯಾರಿಗೆ ಏನು ಬೇಕೆಂಬುದನ್ನು ಹುಡುಗಿಯರು ಪತ್ತೆ ಹಚ್ಚಿ, ಮನೆಯಲ್ಲಿ ಅಕ್ಕಂದಿರಿಂದ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಆವತ್ತು ಆಕೆ ತನ್ನ ಮೇಲೆ ಸುರಿದುಕೊಂಡ ಬೈಗುಳ ಕಾಕಾಸಾಹೇಬರಿಗೂ ಬಿದ್ದಿರಲಿಲ್ಲ. ಅಂದಿನಿಂದ ಹಳೆಯ ವಿಷಯ ಎಂದೂ ಕೊಡಲಿಲ್ಲ, ವಿಷಯ ಕೊಟ್ಟ ಮೇಲೂ ಒಬ್ಬೊಬ್ಬಳನ್ನೂ ಎದುರಿಗೆ ಕೂರಿಸಿಕೊಂಡು, "ಖರೇನs? ನೀನs ನೋಡೀಯೇನ?" ಎಂದು ಜೀವ ತಿಂದು, ಆಮೇಲೆ ಬರೆಯಲು ಬಿಡುತ್ತಿದ್ದಳು.

ಸ್ವಾತಂತ್ರ್ಯ ಬಂದ ಮರುವರ್ಷ, ಮೆಣಸಿನಕಾಯಿ ಪೇಟೆಯ ದಿನ, ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬಳು ಪಡಸಾಲೆಯ ಮುಂದೆ ಬಂದು ನಿಂತಳು. "ಗುರ್ತ ಸಿಕ್ತೇನ್ರಿ ಬಾಯಾರ?" ಕಲ್ಲವ್ವ. ಗೋಕುಳ ಶಿರಗಾಂವದ ಒಕ್ಕಲುಮನೆಗೆ ಕೊಟ್ಟಿದ್ದರು. ಗಂಡನ ಜೊತೆ ಸಂತೆಗೆ ಬಂದಿದ್ದಳು.

"ಏನರೆ ಬರದೀಯೇನ ಆಮ್ಯಾಲೆ?" ರಾಜಮತಿಬಾಯಿಯ ಮೊದಲ ಪ್ರಶ್ನೆಯೇ ಅದು.

"ಎಲ್ಲೀದ್ರಿ ಬರಿಯೂದು. ಮುಂಜಾನೆ ಎದ್ರ ದನದ ಹೆಂಡಿ, ಆಮ್ಯಾಲೆ ರೊಟ್ಟಿ, ಆಮ್ಯಾಲೆ ಹೊಲ. ಈ ಸುಗ್ಗಿಯಾಗ ಕಬ್ಬ ಕಡ್ಯಾಕ ಹತ್ತಿದ್ರ ಕೈ ಎಲ್ಲಾ ಸೀಳತಾವ ನೋಡ್ರಿ." ಅಂಗೈ ಚಾಚಿದಳು. ಕಬ್ಬಿನ ರವದಿಯ ಗರಿ ಕೊಯ್ದ ಗೆರೆಗಳು ಅಡ್ಡಾದಿಡ್ಡಿಯಾಗಿದ್ದವು. "ಗಾಣದ ಹೊಗಿಗೆ ಕಣ್ಣ ಉರೀತಾವ. ಆದ್ರೂ ಬಿಸಿ ಬೆಲ್ಲ ಕೂಸಿನ ಬಾಯಿಗೆ ಹಚ್ಚಿದ್ರ ಹ್ಯಾಂಗ ಮಾರಿ ಮಾಡತೈತಿ ಅಂತೀರಿ! ಮೊದಲ ಅಳತೈತಿ, ಆಮ್ಯಾಲೆ ನನ್ನ ಬೆರಳ ಬಿಡೂದಿಲ್ಲ."

ರಾಜಮತಿಬಾಯಿ ನಡುವೆ ಬಾಯಿ ಹಾಕದೆ ಕೇಳಿದಳು. ಕೇಳಿ ಮುಗಿದ ಮೇಲೆ ಗೂಟಕ್ಕೆ ತೂಗು ಹಾಕಿದ್ದ ಪಾಟಿಯನ್ನು ತಂದು ಎದುರಿಗಿಟ್ಟಳು. "ಇಷ್ಟs ಬರಿ. ಕೂಸನ್ನ ನಾ ಹಿಡಿತೇನಿ."

ಕಲ್ಲವ್ವ ನಕ್ಕಳು. "ಮೋಟಾರ ಹೊತ್ತಾತ್ರಿ, ಅವರ ಕಾಯಾಕತ್ತಾರ," ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿ, ಕೂಸಿನ ಟೊಪ್ಪಿಗೆ ಸರಿಪಡಿಸಿ, ಪೇಟೆಯ ಗದ್ದಲದೊಳಗೆ ಹೋದಳು.